ಒಂದು ಗಂಟೆ ಹೊಸದು, ಐದು ಗಂಟೆ ಹಳೆಯದು

ಪರದೆಯ ಮೂಲೆಯ ಅಂಕಿಯನ್ನು ಸಿಸಿಟಿವಿ ರಿಪೇರಿಯ ಕ್ಯಾಮೆರಾ ಅಕ್ಕ ಎರಡು ಸಲ ಓದಿದಳು. ಮೂರನೆಯ ಸಲ ಓದಲು ಧೈರ್ಯ ಸಾಲಲಿಲ್ಲ.

ಬುಧವಾರ, ಬೆಳಿಗ್ಗೆ ಹತ್ತು ಗಂಟೆ.

ರೆಕಾರ್ಡರಿನಲ್ಲಿ ಉಳಿದಿದ್ದ ಅತಿ ಹಳೆಯ ಚಿತ್ರ ಅದು. ಅದರಾಚೆ ಏನೂ ಇರಲಿಲ್ಲ. ಅವಳು ಗೋಡೆಯ ಗಡಿಯಾರ ನೋಡಿದಳು. ಹತ್ತು ಐವತ್ತು. ಮೌಸಿನ ಮೇಲಿನ ಕೈ ತೆಗೆಯದೆ ಮೂರು ನಿಮಿಷ ಕಾದು ಮತ್ತೆ ಹುಡುಕಿಸಿದಳು. ಈಗ ಅತಿ ಹಳೆಯದು ಹತ್ತೂ ಕಾಲು.

ಕಣ್ಣೆದುರಿಗೇ ಕಾಲು ಗಂಟೆ ಮಾಯವಾಗಿತ್ತು.

ಹನ್ನೊಂದು ದಿನದ ಹಿಂದೆ, ಅದೇ ಬುಧವಾರ ಮಧ್ಯಾಹ್ನ ಮೂರು ಹತ್ತಕ್ಕೆ, ಈ ವೃದ್ಧರ ಆರೈಕೆ ಮನೆಯ ಮೆಟ್ಟಿಲಿಂದ ಟೀಚರಮ್ಮ ಉರುಳಿಬಿದ್ದು ಶನಿವಾರ ತೀರಿಕೊಂಡಿದ್ದರು. ತಳ್ಳಿದವಳೆಂದು ಮೊನ್ನೆ ಶುಕ್ರವಾರ ಪೊಲೀಸರು ಹಿಡಿದದ್ದು ಅವರನ್ನು ನೋಡಿಕೊಳ್ಳುತ್ತಿದ್ದ ದಾದಿಯನ್ನು, ಅಂದರೆ ಕ್ಯಾಮೆರಾ ಅಕ್ಕನ ನಾದಿನಿಯನ್ನು.

“ಏನಾಯ್ತಮ್ಮ?” ಎಂದರು ಇನ್ಸ್‌ಪೆಕ್ಟರ್. ಮಂಡಿನೋವಿನ ಮನುಷ್ಯ, ಆಫೀಸಿನ ಒಂದೇ ಒಂದು ಕುರ್ಚಿಯನ್ನು ಅವಳಿಗೆ ಬಿಟ್ಟು ಮೇಜಿನ ಅಂಚಿಗೆ ಒರಗಿ ನಿಂತಿದ್ದರು.

ಶುಕ್ರವಾರ ಇದೇ ಇನ್ಸ್‌ಪೆಕ್ಟರ್ ಫೋನ್ ಮಾಡಿದಾಗ ತಾನು ಹೇಳಿದ ಮಾತು ಅವಳಿಗೆ ನೆನಪಾಯಿತು. ಆ ರೆಕಾರ್ಡರಿನ ಉಸ್ತುವಾರಿ ತನ್ನದೇ, ಅದರಲ್ಲಿ ಮೂವತ್ತು ದಿನ ಇದ್ದೇ ಇರುತ್ತದೆ, ಗಾಬರಿ ಬೇಡ, ಭಾನುವಾರ ಬಿಡುವು ಮಾಡಿಕೊಂಡು ಬರುತ್ತೇನೆ ಎಂದಿದ್ದಳು. ಸಂಬಂಧ ಗೊತ್ತಿದ್ದೇ ಇನ್ಸ್‌ಪೆಕ್ಟರ್ ಅವಳನ್ನು ಕರೆಸಿದ್ದರು. ನೀವು ಏನಾದರೂ ತಿದ್ದಲು ಹೋದರೆ ನಾನು ನೋಡುತ್ತೇನೆ, ನಾನು ಏನಾದರೂ ಬಿಟ್ಟರೆ ನೀವು ನೋಡುತ್ತೀರಿ, ಇಬ್ಬರಿಗೂ ಕಾವಲಾಯಿತು ಎಂದು ನಕ್ಕಿದ್ದರು.

ಈಗ ಅವರು ನಗುತ್ತಿರಲಿಲ್ಲ. ಅವಳು ವಿವರಿಸಿದಳು.

ಈ ಪೆಟ್ಟಿಗೆ ಒಂದು ಕಪ್ಪು ಹಲಗೆಯ ಹಾಗೆ. ಹಲಗೆ ತುಂಬಿದ ಮೇಲೆ ಮೇಷ್ಟರು ಮೇಲಿನ ಸಾಲನ್ನು ಒರೆಸಿ ಅಲ್ಲೇ ಹೊಸ ಸಾಲು ಬರೆಯುತ್ತಾರಲ್ಲ, ಇದೂ ಹಾಗೆಯೇ. ತುಂಬಿದ ಡಿಸ್ಕಿನಲ್ಲಿ ಹಳೆಯದನ್ನು ಒರೆಸುತ್ತ ಹೊಸದನ್ನು ಬರೆಯುತ್ತ ಹೋಗುತ್ತದೆ. ಸೆಕೆಂಡಿಗೆ ಮೂರು ಚಿತ್ರ ಬರೆದರೆ ಹಲಗೆಯಲ್ಲಿ ಮೂವತ್ತು ದಿನ ಹಿಡಿಸುತ್ತದೆ. ಇಲ್ಲಿ ಇದ್ದದ್ದು ಮೂರು. ಯಾರೋ ಅದನ್ನು ಹದಿನೈದಕ್ಕೆ ಏರಿಸಿದ್ದಾರೆ. ಐದು ಪಟ್ಟು ಬರೆಯುತ್ತದೆ, ಹಾಗಾಗಿ ಐದು ಪಟ್ಟು ಒರೆಸುತ್ತದೆ. ಅದೂ ಚೂರು ಚೂರಾಗಿ ಅಲ್ಲ. ಕಾಲು ಗಂಟೆಯದೊಂದು ತುತ್ತು, ಮೂರು ನಿಮಿಷಕ್ಕೊಂದು ಸಲ.

“ಅಂದರೆ ಯಾರೂ ಏನನ್ನೂ ಅಳಿಸಿಲ್ಲ.”

“ಅಳಿಸೋದೇ ಬೇಡ ಸರ್. ಚಿತ್ರ ಚೆನ್ನಾಗಿ ಬರೋ ಹಾಗೆ ಮಾಡಿಬಿಟ್ಟರೆ ಸಾಕು. ಹಳೆಯದು ತಾನಾಗೇ ಹೋಗುತ್ತೆ.”

ಇನ್ಸ್‌ಪೆಕ್ಟರ್ ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು. “ಎಷ್ಟು ಹೊತ್ತಿದೆ?”

“ಒಂದು ಗಂಟೆ. ಹನ್ನೊಂದು ಐವತ್ತು ದಾಟಿದ ಮೇಲೆ ಬರೋ ತುತ್ತು ನಮ್ಮದು.”

ಅವಳು ಮೂರು ಗಂಟೆಯ ಭಾಗಕ್ಕೆ ಹಾರಿದಳು. ಮೂರನೆಯ ಕ್ಯಾಮೆರಾ, ಮೊದಲ ಮಹಡಿಯ ಮೆಟ್ಟಿಲ ತುದಿ. ಇಬ್ಬರೂ ಪರದೆಗೆ ಬಾಗಿದರು.

ಟೀಚರಮ್ಮ ಬಲಗಡೆಯಿಂದ ಬಂದರು. ಸೆಕೆಂಡಿಗೆ ಮೂರೇ ಚಿತ್ರವಾದ್ದರಿಂದ ಅವರ ನಡಿಗೆ ಕುಪ್ಪಳಿಸಿದ ಹಾಗಿತ್ತು. ಕೋಲು ಇಲ್ಲಿ, ಆಮೇಲೆ ಅಲ್ಲಿ. ಮೆಟ್ಟಿಲ ತುದಿಯಲ್ಲಿ ನಿಂತರು, ಎಡಗಡೆಗೆ ತಿರುಗಿದರು. ಅಲ್ಲಿ ಯಾರೋ ಇದ್ದರು; ಕ್ಯಾಮೆರಾದ ಕಣ್ಣು ಅಷ್ಟು ದೂರ ತಲುಪುತ್ತಿರಲಿಲ್ಲ. ಟೀಚರಮ್ಮನ ಬಾಯಿ ಆಡುತ್ತಿತ್ತು. ನಲವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು. ತಪ್ಪು ಮಾಡಿದ ಮಗುವಿಗೆ ಬೆರಳೆತ್ತಿ ತೋರಿಸುವ ಹಾಗೆ ಬೆರಳೆತ್ತಿದರು. ಮುಂದಿನ ಚಿತ್ರದಲ್ಲಿ ಅವರ ಭುಜದ ಬಳಿ ಒಂದು ಕೈ. ಅದರ ಮುಂದಿನದರಲ್ಲಿ ಕೈಯೂ ಇಲ್ಲ, ಟೀಚರಮ್ಮನೂ ಇಲ್ಲ. ಕೋಲು ಮಾತ್ರ ಗಾಳಿಯಲ್ಲಿ ಓರೆಯಾಗಿತ್ತು.

ಅವಳು ಹಿಂದೆ ಬಂದು ಆ ಒಂದು ಚಿತ್ರವನ್ನು ನಿಲ್ಲಿಸಿದಳು.

ಮಣಿಕಟ್ಟಿನವರೆಗೂ ಅಂಗಿಯ ತೋಳು ಮುಚ್ಚಿದ್ದ ಕೈ. ದಾದಿಯರ ಸಮವಸ್ತ್ರಕ್ಕೆ ಮೊಣಕೈ ಮೇಲೆಯೇ ತೋಳು ಮುಗಿಯುತ್ತದೆ. ಸೋಂಕು ತಗಲಬಾರದೆಂದು ಇಲ್ಲಿ ಅದು ಕಟ್ಟುನಿಟ್ಟು. ನಾದಿನಿ ಚಳಿಗಾಲದಲ್ಲೂ ಬರಿಗೈಯಲ್ಲಿ ಕೆಲಸ ಮಾಡಿ ಮನೆಗೆ ಬಂದು, ಅತ್ತಿಗೆ ನನ್ನ ಕೈ ನೋಡಿ, ಹಲಗೆ ಹಾಗಾಗಿದೆ ಎಂದು ಗೊಣಗುತ್ತಿದ್ದಳು.

“ಇದು ಅವಳ ಕೈ ಅಲ್ಲ ಸರ್,” ಎಂದಳು ಕ್ಯಾಮೆರಾ ಅಕ್ಕ.

“ಇರಬಹುದು. ತಳ್ಳೋಕೆ ಬಂದ ಕೈಯೋ ಹಿಡಿಯೋಕೆ ಬಂದ ಕೈಯೋ, ಅದೂ ಗೊತ್ತಾಗ್ತಿಲ್ಲ. ಹದಿನೈದು ಚಿತ್ರ ಇದ್ದಿದ್ದರೆ ಗೊತ್ತಾಗ್ತಿತ್ತು.”

“ಹದಿನೈದು ಇದ್ದಿದ್ದರೆ ಈ ದಿನವೇ ಉಳೀತಿರಲಿಲ್ಲ ಸರ್.”

ಅವರು ತಮ್ಮ ಫೋನಿನಲ್ಲಿ ಪರದೆಯನ್ನು ಚಿತ್ರೀಕರಿಸಿಕೊಂಡರು. ನೋಡಿದರೆ ತೋಳಿನ ಅಂಚು ಬೂದಿ ಸವರಿದ ಹಾಗೆ ಬಂದಿತ್ತು. ತೋಳು ಎಂದವರಿಗೆ ತೋಳು, ನೆರಳು ಎಂದವರಿಗೆ ನೆರಳು. ನಾಳೆ ನಾದಿನಿಯ ಪೊಲೀಸ್ ಕಸ್ಟಡಿ ಮುಗಿಯುತ್ತದೆ, ಮತ್ತೆ ಕೋರ್ಟಿಗೆ ಒಪ್ಪಿಸಬೇಕು, ಇಂಥ ನಕಲು ತೋರಿಸಿದರೆ ವಕೀಲರು ಹರಿದು ಕೈಗೆ ಕೊಡುತ್ತಾರೆ, ಮೂಲವೇ ಬೇಕು ಎಂದು ಇನ್ಸ್‌ಪೆಕ್ಟರ್ ಹೇಳಿದರು. ಮೂಲ ಬೇಕೆಂದರೆ ರೆಕಾರ್ಡರಿಗೆ ಕೈ ತಾಗಬೇಕು. ಈ ಆಫೀಸಿನಲ್ಲಿದ್ದದ್ದು ಪರದೆ ಮತ್ತು ಮೌಸ್ ಮಾತ್ರ. ಪೆಟ್ಟಿಗೆ ಇದ್ದದ್ದು ಪಕ್ಕದ ಔಷಧಿ ಕೋಣೆಯಲ್ಲಿ, ಕಬ್ಬಿಣದ ಬಾಗಿಲ ಹಿಂದೆ. ಬೀಗದ ಕೈ ಮನೆಯ ಒಡತಿ ಡಾಕ್ಟರಮ್ಮನ ಬಳಿ.

ಡಾಕ್ಟರಮ್ಮ ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದು ಹೇಳಿ ಒಂದು ಗಂಟೆಯಾಗಿತ್ತು.

ಇನ್ಸ್‌ಪೆಕ್ಟರ್ ಒಬ್ಬ ಪೇದೆಯನ್ನು ಬೀಗ ಒಡೆಯುವವನನ್ನು ಹುಡುಕಲು ಅಟ್ಟಿದರು. ಭಾನುವಾರ, ಅಂಗಡಿಗಳೆಲ್ಲ ಮುಚ್ಚಿದ್ದವು.

ಅಷ್ಟರಲ್ಲಿ ಕ್ಯಾಮೆರಾ ಅಕ್ಕ ರೆಕಾರ್ಡಿಂಗ್ ವೇಗವನ್ನು ಇಳಿಸಲು ನೋಡಿದಳು. ಚಿತ್ರ ನೋಡಲು ಒಂದು ಪಾಸ್‌ವರ್ಡ್, ವ್ಯವಸ್ಥೆ ಬದಲಿಸಲು ಇನ್ನೊಂದು. ಎರಡನೆಯದನ್ನು ಹಾಕಿದಳು. ಒಪ್ಪಲಿಲ್ಲ. ಮತ್ತೆ ಹಾಕಿದಳು. ಒಪ್ಪಲಿಲ್ಲ. ಮರೆಯಬಾರದೆಂದು ಅದನ್ನು ಬರೆದು ಪರದೆಯ ಅಡಿಗೇ ಅಂಟಿಸಿದ್ದ ಚೀಟಿ ಹುಡುಕಿದಳು. ಅಂಟಿನ ಗುರುತು ಮಾತ್ರ ಉಳಿದಿತ್ತು.

ಇಲ್ಲೊಂದು ಚೀಟಿ ಇತ್ತಲ್ಲ ಎಂದು ಮ್ಯಾನೇಜರನ್ನು ಕೇಳಿದಳು. ಮಡಿಕೆ ಮುರಿಯದ ತುಂಬು ತೋಳಿನ ಅಂಗಿ ತೊಟ್ಟ ಆಸಾಮಿ, ಬಾಗಿಲಲ್ಲೇ ನಿಂತಿದ್ದ. ಇತ್ತು, ಎಲ್ಲರಿಗೂ ಕಾಣುವ ಹಾಗೇ ಇತ್ತು, ಯಾವಾಗ ಹೋಯಿತೋ ತಿಳಿಯದು ಎಂದ. ಬೀಗದ ಕೈಯನ್ನು ಬೀಗಕ್ಕೇ ನೇತುಹಾಕಿದ್ದೀರಿ ಎಂದರು ಇನ್ಸ್‌ಪೆಕ್ಟರ್ ಅವಳಿಗೆ.

ಹನ್ನೊಂದು ಹತ್ತು. ಅತಿ ಹಳೆಯದು ಹನ್ನೊಂದು ಮುಕ್ಕಾಲು ಎಂದು ತೋರಿಸುತ್ತಿತ್ತು.

ವೇಗ ಬದಲಾದ ದಿನವನ್ನು ಹುಡುಕುವುದು ಕಷ್ಟವಾಗಲಿಲ್ಲ. ಕುಪ್ಪಳಿಸುವ ಜನ ಎಲ್ಲಿಂದ ನೆಟ್ಟಗೆ ನಡೆಯತೊಡಗುತ್ತಾರೆ ಎಂದು ನೋಡಿದರಾಯಿತು. ಗುರುವಾರ ಕುಪ್ಪಳಿಸಿದರು. ಸೋಮವಾರವೂ ಕುಪ್ಪಳಿಸಿದರು. ಮಂಗಳವಾರ ಸಂಜೆ ಐದು ಗಂಟೆ ಒಂಬತ್ತು ನಿಮಿಷಕ್ಕೆ, ಚಹಾದ ಗಾಡಿ ತಳ್ಳುತ್ತಿದ್ದ ಹೆಂಗಸು ಕುಪ್ಪಳಿಸುತ್ತ ಹಜಾರಕ್ಕೆ ಬಂದು, ಅರ್ಧ ದಾರಿಯಲ್ಲಿ ನೀರಿನ ಮೇಲೆ ತೇಲಿದ ಹಾಗೆ ನಡೆದುಹೋದಳು.

ಮಂಗಳವಾರ. ಸಂಜೆ ಐದು.

ಕ್ಯಾಮೆರಾ ಅಕ್ಕ ಮೌಸು ಬಿಟ್ಟಳು.

ಆ ಹೊತ್ತಿನಲ್ಲಿ ಅವಳು ಒಂದು ಬಟ್ಟೆ ಅಂಗಡಿಯ ಏಣಿಯ ಮೇಲಿದ್ದಳು. ಬಾಯಲ್ಲಿ ಎರಡು ಸ್ಕ್ರೂ, ಕಿವಿಗೂ ಭುಜಕ್ಕೂ ನಡುವೆ ಫೋನು. ಯಾವುದೋ ಹೆಣ್ಣು ದನಿ. ಅಕ್ಕಾ, ಚಿತ್ರ ಎಗರಿ ಎಗರಿ ಬರುತ್ತೆ, ಸರಾಗವಾಗಿ ಬರೋ ಹಾಗೆ ಹೇಗೆ ಮಾಡೋದು? ದಿನಕ್ಕೆ ಇಂಥ ಹತ್ತು ಕರೆ ಬರುತ್ತವೆ. ಎಲ್ಲಿಂದ ಎಂದು ಕೇಳಿರಲಿಲ್ಲ. ಮೆನುಗೆ ಹೋಗಿ, ರೆಕಾರ್ಡಿಂಗ್ ಒತ್ತಿ, ಮೂರು ಅಂತ ಇದ್ದರೆ ಹದಿನೈದು ಮಾಡಿ, ಉಳಿಸಿ ಅಂತ ಒತ್ತಿ. ಎರಡು ನಿಮಿಷದಲ್ಲಿ ಮುಗಿದಿತ್ತು.

ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನಿಮಗೆ ಎಷ್ಟು ದಿನದ ಚಿತ್ರ ಬೇಕು? ಹನ್ನೆರಡು ವರ್ಷದಿಂದ ಯಾವ ಪೆಟ್ಟಿಗೆ ಮುಟ್ಟಿದರೂ ಮೊದಲು ಕೇಳುವ ಪ್ರಶ್ನೆ ಅದು. ಬಾಯಲ್ಲಿ ಸ್ಕ್ರೂ ಇತ್ತೆಂದು ಅಂದು ಬಿಟ್ಟಳು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದೆ ಬಿಟ್ಟ ಮಾತೂ ಹೋಗುತ್ತದೆ, ಹೋಗುವಾಗ ಯಾರನ್ನಾದರೂ ಎಳೆದುಕೊಂಡು ಹೋಗುತ್ತದೆ.

ಮನೆಯಲ್ಲಿ ಅತ್ತೆ ಎರಡು ದಿನದಿಂದ ತಟ್ಟೆ ಮುಟ್ಟಿರಲಿಲ್ಲ. ಸೊಸೆ ಏಣಿ ಹತ್ತುತ್ತಾಳೆ ಎಂದು ನಾಲ್ಕು ಜನರ ಮುಂದೆ ಮೂಗು ಮುರಿಯುತ್ತಿದ್ದವರು ಇಂದು ಬೆಳಿಗ್ಗೆ ಹೊಸ್ತಿಲವರೆಗೆ ಬಂದಿದ್ದರು. ಯಾರೂ ನೋಡಿರದಿದ್ದರೂ ನೀನು ನೋಡಿಕೊಳ್ಳೋ ಕ್ಯಾಮೆರಾ ಕಣ್ಣು ನೋಡಿರುತ್ತೆ ಅಲ್ವೇನೆ ಎಂದು ಕೇಳಿದ್ದರು. ನೋಡಿರುತ್ತೆ ಅತ್ತೆ ಎಂದು ಇವಳು ಭರವಸೆ ಕೊಟ್ಟು ಬಂದಿದ್ದಳು.

ಹೇಳಿಬಿಡಬೇಕು ಎಂದು ಇನ್ಸ್‌ಪೆಕ್ಟರ ಕಡೆ ತಿರುಗಿದಳು. ಅವರು ಔಷಧಿ ಕೋಣೆಯ ಬಾಗಿಲನ್ನು ಭುಜದಿಂದ ಅಳೆಯುತ್ತಿದ್ದರು. ಮೊದಲು ಪೆಟ್ಟಿಗೆ ನಿಲ್ಲಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡಳು.

ಮನೆಯ ಕರೆಂಟನ್ನೇ ಕಿತ್ತರೆ ಹೇಗೆ ಎಂದು ಅವರು ಕೇಳಿದರು. ಆಗದು ಎಂದಳು. ಪೆಟ್ಟಿಗೆಗೆ ಎರಡು ತಾಸಿನ ಬ್ಯಾಟರಿ ಇದೆ, ಮೇಲಾಗಿ ಎರಡನೆಯ ಮಹಡಿಯಲ್ಲಿ ಮೂವರು ಆಮ್ಲಜನಕದ ಯಂತ್ರದ ಮೇಲಿದ್ದಾರೆ. ಡಾಕ್ಟರಮ್ಮನಿಗೆ ಮತ್ತೆ ಕರೆ ಹೋಯಿತು. ದಾರಿಯಲ್ಲಿದ್ದೇನೆ ಎಂಬ ಉತ್ತರ ಬಂತು. ಪೇದೆ ಫೋನ್ ಮಾಡಿ ಬೀಗದವನು ಮಗಳ ಮನೆಗೆ ಹೋಗಿದ್ದಾನಂತೆ, ಇನ್ನೊಬ್ಬನನ್ನು ಹುಡುಕುತ್ತಿದ್ದೇನೆ ಎಂದ.

ಹನ್ನೊಂದು ಮೂವತ್ತೆರಡು. ಅತಿ ಹಳೆಯದು ಮಧ್ಯಾಹ್ನ ಒಂದೂವರೆ.

ಆಗ ಅವಳಿಗೆ ಹೊಳೆಯಿತು. ಮೊದಲೇ ಹೊಳೆಯಬೇಕಿತ್ತು.

“ಅದರ ಬಾಯಿ ಕಟ್ಟೋಕಾಗಲ್ಲ ಸರ್. ತುತ್ತು ಕೊಡೋದನ್ನ ನಿಲ್ಲಿಸಬಹುದು.”

ಎಂಟು ಕ್ಯಾಮೆರಾಗಳಿಗೂ ಕರೆಂಟು ಬರುವುದು ಒಂದೇ ಚಿಕ್ಕ ಪೆಟ್ಟಿಗೆಯಿಂದ. ಅದನ್ನು ಆರಿಸಿದರೆ ಕ್ಯಾಮೆರಾಗಳು ಕುರುಡಾಗುತ್ತವೆ. ಚಿತ್ರ ಬರದಿದ್ದರೆ ರೆಕಾರ್ಡರ್ ಬರೆಯುವುದಿಲ್ಲ, ಬರೆಯದಿದ್ದರೆ ಒರೆಸುವುದೂ ಇಲ್ಲ. ಆ ಪೆಟ್ಟಿಗೆ ಎಲ್ಲಿದೆ ಎಂದರೆ ಮ್ಯಾನೇಜರಿಗೆ ತಿಳಿಯದು. ಕೂರಿಸಿದವನು ಇವಳಿಗಿಂತ ಮೊದಲಿನವನು, ಈಗ ಊರಲ್ಲೇ ಇಲ್ಲ. ಅವಳು ಹಜಾರದ ಚಾವಣಿಯಂಚಿನ ತಂತಿಯನ್ನು ಹಿಡಿದು ಹೊರಟಳು. ಇನ್ಸ್‌ಪೆಕ್ಟರ್ ಕುಂಟುತ್ತ ಹಿಂದೆ ಬಂದರು. ಆಫೀಸಿನ ಪರದೆಗೆ ಮಹಿಳಾ ಪೇದೆಯೊಬ್ಬಳನ್ನು ಕಾವಲಿಟ್ಟಿದ್ದರು.

ತಂತಿ ಊಟದ ಮನೆಯನ್ನು ದಾಟಿತು, ಎರಡು ಮೂಲೆ ತಿರುಗಿತು, ಒಂದು ತೂತಿನಲ್ಲಿ ನುಸುಳಿ ಬಟ್ಟೆ ಒಗೆಯುವ ಕೋಣೆ ಹೊಕ್ಕಿತು. ಒಳಗೆ ಹಬೆ. ಗಂಡಸರ ಹಳೆಯ ತುಂಬು ತೋಳಿನ ಅಂಗಿಯನ್ನು ಮೇಲೆ ಹಾಕಿಕೊಂಡಿದ್ದ ಹೆಂಗಸು ದುಪ್ಪಟಿ ಮಡಿಸುತ್ತಿದ್ದಳು. ನಾದಿನಿಯ ಹೇಳಿಕೆಯೂ ಇದೇ ಕೋಣೆಯದು: ಟೀಚರಮ್ಮ ಬಿದ್ದಾಗ ತಾನು ಇಲ್ಲಿ ಒಬ್ಬಳೇ ದುಪ್ಪಟಿ ಮಡಿಸುತ್ತಿದ್ದೆ, ಒಗೆಯುವವಳು ಅಂದು ರಜೆ. ಈ ಕೋಣೆಗೆ ಕ್ಯಾಮೆರಾ ಇಲ್ಲ, ಹಾಗಾಗಿ ಅದಕ್ಕೆ ಸಾಕ್ಷಿಯೂ ಇಲ್ಲ. ಇನ್ಸ್‌ಪೆಕ್ಟರ್ ಸ್ವಲ್ಪ ಹೊರಗಿರಮ್ಮ ಎಂದಾಗ ಆ ಹೆಂಗಸು ಬಾಯಿ ಬಿಡದೆ ತಲೆಯಾಡಿಸಿ ಹೋದಳು.

ದುಪ್ಪಟಿಗಳ ಕಪಾಟಿನ ನೆತ್ತಿಯಲ್ಲಿ, ಚಾವಣಿಗೆ ಅಂಟಿಕೊಂಡ ಹಾಗೆ, ತಗಡಿನ ಪೆಟ್ಟಿಗೆ ಇತ್ತು. ನಾಲ್ಕು ಸ್ಕ್ರೂ, ನಾಲ್ಕಕ್ಕೂ ಹಬೆಗೆ ತುಕ್ಕು. ಅವಳು ಸ್ಟೂಲು ಎಳೆದು ಹತ್ತಿದಳು. ಸಮಯ ಹನ್ನೊಂದು ನಲವತ್ತು.

ಆಗ ಮ್ಯಾನೇಜರ್ ಬಂದು ಸ್ಟೂಲಿನ ಕಾಲು ಹಿಡಿದ. ಬೀಳದಿರಲಿ ಎಂದಲ್ಲ.

“ಇಳೀರಿ ಮೇಡಂ. ಇಲ್ಲಿ ಕ್ಯಾಮೆರಾ ಒಂದು ನಿಮಿಷ ಕೂಡ ನಿಲ್ಲೋ ಹಾಗಿಲ್ಲ. ಇಲ್ಲಿರೋರ ಮನೆಯವರೆಲ್ಲ ಫೋನಿನಲ್ಲಿ ನೋಡ್ತಾ ಇರ್ತಾರೆ.”

“ಹನ್ನೆರಡು ನಿಮಿಷದಲ್ಲಿ ಸಾಕ್ಷಿ ಹೋಗುತ್ತೆ,” ಎಂದಳು ಅವಳು, ಸ್ಕ್ರೂ ಬಿಡದೆ.

“ನಿಮಗೆ ಅದು ಸಾಕ್ಷಿ. ನನಗೆ ನಲವತ್ತು ಜನ ಮುದುಕರು. ಇನ್ನೊಬ್ಬರು ಬಿದ್ದರೆ? ನಿಮ್ಮ ನಾದಿನಿಗೋಸ್ಕರ ಇದನ್ನೆಲ್ಲ ಕತ್ತಲು ಮಾಡೋಕೆ ಬಂದಿದ್ದೀರಿ ಅಂತ ನಾಳೆ ನಾನೇ ಹೇಳ್ಬೇಕಾಗುತ್ತೆ.”

ಅದು ಚುಚ್ಚಿತು. ಸುಳ್ಳಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಮೊದಲ ಸ್ಕ್ರೂ ಅವಳ ಕೈಯಿಂದ ಜಾರಿ ದುಪ್ಪಟಿಗಳ ನಡುವೆ ಬಿತ್ತು.

ಇನ್ಸ್‌ಪೆಕ್ಟರ್ ಮಾತ್ರ ದನಿ ಏರಿಸಲಿಲ್ಲ. ಮಂಗಳವಾರ ಸಂಜೆ ಐದಕ್ಕೆ ನೀವೆಲ್ಲಿದ್ದಿರಿ ಎಂದು ಮ್ಯಾನೇಜರನ್ನು ಕೇಳಿದರು. ಊಟದ ಮನೆಯಲ್ಲಿ ಎಂದ ಅವನು. ಆ ಹೊತ್ತಿಗೆ ಚಹಾ, ಎಲ್ಲರೂ ಅಲ್ಲೇ ಇರುತ್ತಾರೆ. ಆಫೀಸಿಗೆ ಬೀಗ ಹಾಕಿದ್ದಿರಾ? ಹಾಕಿರಲಿಲ್ಲ. ಚಿತ್ರ ಸರಾಗವಾಗಿ ಬರತೊಡಗಿದ್ದು ಗಮನಕ್ಕೆ ಬಂತಾ? ಬಂತು, ಮರುದಿನ ಬೆಳಿಗ್ಗೆಯೇ ಬಂತು. ಯಾರು ಮಾಡಿದ್ದು ಅಂತ ವಿಚಾರಿಸಲಿಲ್ಲವಾ?

ಮ್ಯಾನೇಜರ್ ಸ್ಟೂಲಿನ ಕಾಲು ಬಿಟ್ಟ. “ಕೆಟ್ಟದ್ದಾದರೆ ವಿಚಾರಿಸ್ತಾರೆ ಸರ್. ಒಳ್ಳೇದಾದರೆ ಯಾರು ವಿಚಾರಿಸ್ತಾರೆ?”

“ಹೌದು. ಅದನ್ನೇ ಯಾರೋ ಲೆಕ್ಕ ಹಾಕಿದ್ದಾರೆ.” ಇನ್ಸ್‌ಪೆಕ್ಟರ್ ಕಿಸೆಯಿಂದ ಪುಸ್ತಕ ತೆಗೆದರು. “ಕತ್ತಲು ಮಾಡಿಸಿದವನು ನಾನು ಅಂತ ಬರೆದುಕೊಡ್ತೀನಿ. ಹಜಾರಕ್ಕೊಬ್ಬರನ್ನು ನಿಲ್ಲಿಸಿ. ಮನೆಯವರ ಕರೆ ಬಂದರೆ ನನ್ನ ನಂಬರ್ ಕೊಡಿ.”

ಬರೆದ ಹಾಳೆಯನ್ನು ಮ್ಯಾನೇಜರ್ ಎರಡು ಸಲ ಓದಿ, ನೀಟಾಗಿ ಮಡಿಸಿ, ಜೇಬಿಗಿಟ್ಟುಕೊಂಡು ಹೋದ. ಇಂಥ ಹೊತ್ತಿನಲ್ಲೂ ಮಡಿಕೆ ನೇರವಾಗಿತ್ತು.

ಎರಡನೆಯ ಸ್ಕ್ರೂ ಬಂತು. ಮೂರನೆಯದು ತಲೆ ಸವೆದು ತಿರುಗುತ್ತಲೇ ಇತ್ತು. ಅವಳು ಮುಚ್ಚಳದ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದಳು. ತಗಡು ಬಾಗಿತು, ಬೆರಳು ತರಚಿ ರಕ್ತ ಬಂತು. ಇನ್ಸ್‌ಪೆಕ್ಟರ್ ನಿಮಿಷಗಳನ್ನು ಹೇಳುತ್ತಿದ್ದರು. ನಲವತ್ತೇಳು. ನಲವತ್ತೊಂಬತ್ತು. ಹೇಳಬೇಡಿ ಸರ್ ಎಂದಳು. ಅವರು ಸುಮ್ಮನಾದರು, ಅದು ಇನ್ನೂ ಕೆಟ್ಟದಾಗಿತ್ತು.

ಒಳಗೆ ಬೆರಳಿಗೆ ಗುಂಡಿ ಸಿಕ್ಕಿತು. ಒತ್ತಿದಳು. ಪೆಟ್ಟಿಗೆಯ ಕೆಂಪು ದೀಪ ಆರಿತು.

ಇನ್ಸ್‌ಪೆಕ್ಟರ್ ತಮ್ಮ ಫೋನನ್ನು ಎತ್ತಿ ತೋರಿಸಿದರು. ಮನೆಯವರಿಗೆ ಕೊಡುವ ಪಾಸ್‌ವರ್ಡನ್ನು ಡಾಕ್ಟರಮ್ಮ ಶುಕ್ರವಾರ ಅವರಿಗೂ ಕೊಟ್ಟಿದ್ದರು. ಪರದೆಯಲ್ಲಿ ಎಂಟು ಚೌಕ, ಎಂಟೂ ಕಪ್ಪು. ಆಫೀಸಿನಿಂದ ಮಹಿಳಾ ಪೇದೆಯ ಕರೆ ಬಂತು. ಅತಿ ಹಳೆಯದು ಈಗ ಬುಧವಾರ ಮಧ್ಯಾಹ್ನ ಮೂರು ಗಂಟೆ. ನಾಲ್ಕು ನಿಮಿಷದಿಂದ ಅಲ್ಲೇ ನಿಂತಿದೆ, ಕದಲುತ್ತಿಲ್ಲ ಎಂದಳು.

ಮುಂದಿನ ತುತ್ತು ಮೂರರಿಂದ ಮೂರೂ ಕಾಲು. ಅದು ಬಾಯಿಗೆ ಎಷ್ಟು ಹತ್ತಿರ ಬಂದು ನಿಂತಿತ್ತೋ, ಮೂರು ನಿಮಿಷವೋ ಮೂರು ಸೆಕೆಂಡೋ, ಯಾರಿಗೂ ತಿಳಿಯುವಂತಿರಲಿಲ್ಲ.

ಅವಳು ಸ್ಟೂಲಿನ ಮೇಲೆಯೇ ಕುಳಿತಳು. ಆಮೇಲೆ ಎಲ್ಲವನ್ನೂ ಹೇಳಿದಳು. ಏಣಿ, ಸ್ಕ್ರೂ, ಹೆಣ್ಣು ದನಿ, ಮೂರು, ಹದಿನೈದು. ಕೇಳದೆ ಬಿಟ್ಟ ಪ್ರಶ್ನೆಯನ್ನೂ ಹೇಳಿದಳು.

“ಬಯ್ಯಿರಿ ಸರ್,” ಎಂದಳು ಕೊನೆಗೆ.

“ಬಯ್ಯೋಕೆ ನಿಮ್ಮತ್ತೆ ಇದ್ದಾರೆ. ಆ ಹೆಂಗಸಿಗೆ ಪಾಸ್‌ವರ್ಡ್ ಬದಲಾಯಿಸೋದನ್ನೂ ನೀವೇ ಹೇಳಿಕೊಟ್ಟಿರಾ?”

“ಇಲ್ಲ.”

“ಯಾವ ಗುಂಡಿ ಒತ್ತಬೇಕು ಅಂತ ಗೊತ್ತಿಲ್ಲದವಳು ಪಾಸ್‌ವರ್ಡ್ ಬದಲಾಯಿಸಿ ಚೀಟಿ ಕಿತ್ತುಕೊಂಡು ಹೋದಳು.” ಅವರು ಕೈ ಚಾಚಿದರು. “ನಂಬರ್ ತೋರಿಸಿ.”

ಕರೆಗಳ ಪಟ್ಟಿಯಲ್ಲಿ ಮಂಗಳವಾರಕ್ಕೆ ಇಳಿಯುವಷ್ಟರಲ್ಲಿ ಅವಳ ಬೆರಳಿನ ರಕ್ತ ಪರದೆಗೆ ಮೆತ್ತಿಕೊಂಡಿತ್ತು. ಐದು ಗಂಟೆ ಆರು ನಿಮಿಷ. ನಂಬರನ್ನು ಓದಿ ಹೇಳಿದಳು. ಅವರು ಪುಸ್ತಕದಲ್ಲಿ ಬರೆದುಕೊಂಡರು. ಬರೆದದ್ದನ್ನು ನೋಡಿದರು. ಹಿಂದಿನ ಪುಟಕ್ಕೆ ಹೋದರು, ಅದರ ಹಿಂದಿನ ಪುಟಕ್ಕೆ ಹೋದರು, ಬೆರಳಿಟ್ಟು ಒಂದೊಂದೇ ಅಂಕಿ ಹೋಲಿಸಿದರು.

“ಇದು ಟೀಚರಮ್ಮನ ಫೋನು,” ಎಂದರು. “ಅವರ ಸಾಮಾನಿನಲ್ಲಿ ಸಿಕ್ಕಿಲ್ಲ.”

ಟೀಚರಮ್ಮ ತೀರಿಕೊಂಡದ್ದು ಶನಿವಾರ. ಕರೆ ಬಂದದ್ದು ಮಂಗಳವಾರ.

ಬಟ್ಟೆ ಯಂತ್ರವೊಂದು ತಿರುಗುವುದನ್ನು ಮುಗಿಸಿ ನಿಂತಿತು. ಆ ನಿಶ್ಶಬ್ದದಲ್ಲಿ ಅವಳ ಕೈಯಲ್ಲಿದ್ದ ಫೋನು ಅದುರತೊಡಗಿತು.

ಅದೇ ನಂಬರು.

ಇನ್ಸ್‌ಪೆಕ್ಟರ್ ಕಣ್ಣಿನಲ್ಲೇ ತೆಗೆದುಕೊಳ್ಳಿ ಎಂದರು. ಸ್ಪೀಕರ್ ಒತ್ತಿದಳು.

“ಅಕ್ಕಾ, ಚಿತ್ರ ಹೋಗಿದೆ.” ಮೆಲು ದನಿ, ಅವಸರವಿಲ್ಲದ್ದು. ಮಂಗಳವಾರದ್ದೇ. “ಎಂಟೂ ಕಪ್ಪಾಗಿವೆ. ಏನು ಮಾಡ್ಬೇಕು?”

ಮಾತಾಡಿಸುತ್ತಿರಿ ಎಂದು ಇನ್ಸ್‌ಪೆಕ್ಟರ್ ಸನ್ನೆ ಮಾಡಿದರು. ಕ್ಯಾಮೆರಾ ಅಕ್ಕ, ಕರೆಂಟಿನ ತೊಂದರೆ ಇರಬೇಕು, ಗೋಡೆಯ ಸ್ವಿಚ್ ನೋಡಿದಿರಾ, ತಂತಿ ಸಡಿಲವಾಗಿದೆಯಾ ಎಂದು ದಿನಕ್ಕೆ ಹತ್ತು ಸಲ ಹೇಳುವುದನ್ನೇ ಹೇಳತೊಡಗಿದಳು.

ಹೊರಗೆ ಹಜಾರದಲ್ಲಿ ಹನ್ನೆರಡರ ಊಟದ ಗಂಟೆ ಬಾರಿಸಿತು.

ಫೋನಿನೊಳಗೂ ಬಾರಿಸಿತು.

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಮೂರು ಮಹಡಿ, ನಲವತ್ತು ಮುದುಕರು, ಹದಿನಾಲ್ಕು ಮಂದಿ ಕೆಲಸದವರು, ಭಾನುವಾರ ನೋಡಲು ಬಂದ ಮನೆಯವರು. ಇವರಲ್ಲಿ ಒಬ್ಬಳು ಈಗ, ಈ ಗಳಿಗೆಯಲ್ಲಿ, ಫೋನು ಕಿವಿಗಿಟ್ಟು ನಿಂತಿದ್ದಾಳೆ. ಎಂಟು ಕ್ಯಾಮೆರಾಗಳಲ್ಲಿ ಯಾವುದೋ ಒಂದರ ಕೆಳಗೆ. ಕ್ಯಾಮೆರಾ ಕುರುಡಾಗಿತ್ತು, ಕುರುಡು ಮಾಡಿದವಳು ತಾನೇ.

ಇನ್ಸ್‌ಪೆಕ್ಟರ್ ತಮ್ಮ ಫೋನಿನ ಎಂಟು ಕಪ್ಪು ಚೌಕಗಳನ್ನು ಅವಳ ಮುಂದೆ ಹಿಡಿದು, ತುಟಿಯಲ್ಲೇ ಹೇಳಿದರು: ಹಾಕಿ.

ಅವಳು ಸ್ಟೂಲು ಹತ್ತಿದಳು. ಬೆರಳು ಗುಂಡಿಯ ಮೇಲೆ ಕೂತಿತು. ಒತ್ತಿದರೆ ಫೋನಿನಲ್ಲಿರುವವಳ ಮುಖ ಕಾಣಬಹುದು. ಒತ್ತಿದರೆ ತುತ್ತು ಇಳಿಯಬಹುದು. ಆ ಒಂದು ಚಿತ್ರ, ಆ ತೋಳು, ನಾದಿನಿಗೆ ಇರುವ ಒಂದೇ ಒಂದು ಸಾಕ್ಷಿ. ಬೇಡ ಎಂದು ತಲೆಯಾಡಿಸಿದಳು. ಕಣ್ಣು ತುಂಬಿ ಇನ್ಸ್‌ಪೆಕ್ಟರ ಮುಖ ಮಸುಕಾಯಿತು.

“ಅಕ್ಕಾ,” ಎಂದಿತು ದನಿ, “ಹಳೆಯದೆಲ್ಲ ಹೋಗಿರುತ್ತೆ ಅಲ್ವಾ?”

ಹಳೆಯದು ಹೋಗುತ್ತದೆ ಎಂಬ ಮಾತನ್ನು ಮಂಗಳವಾರ ಅವಳು ಹೇಳಿರಲೇ ಇಲ್ಲ.

“ಹೋಗಿದೆ,” ಎಂದಳು ಕ್ಯಾಮೆರಾ ಅಕ್ಕ. “ಏನೂ ಉಳಿದಿಲ್ಲ.”

ಆ ಕಡೆಯಿಂದ ಒಂದು ನಿಟ್ಟುಸಿರು ಬಂತು, ಭಾರ ಇಳಿಸಿದವರದ್ದು.

“ಅಯ್ಯೋ ಪಾಪ. ನಿಮ್ಮ ನಾದಿನಿ.”

ಕ್ಯಾಮೆರಾ ಅಕ್ಕ ಗುಂಡಿ ಒತ್ತಿದಳು.